ಅವ್ವನನ್ನು ಒಳಗೆ ಬಿಡ್ರಿ

ಇಂಗ್ಲೆಂಡಿನಲ್ಲಿ ನಾನು ಹೆರಿಗೆ ಮಾಡಿಸುವ ಹಾಗಿಲ್ಲ. ದಾವಣಗೆರೆಯಲ್ಲಿ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಓದಿ, ಅಲ್ಲೇ ಲೇಬರ್ ರೂಮಿನಲ್ಲಿ ವರ್ಷಗಟ್ಟಲೆ ನೈಟ್ ಡ್ಯೂಟಿ ಮಾಡಿ, ಎಷ್ಟು ಕೂಸುಗಳನ್ನು ಕೈಯಲ್ಲಿ ಹಿಡಿದಿದ್ದೇನೋ ಲೆಕ್ಕವಿಟ್ಟಿಲ್ಲ. ನಮ್ಮ ಕಡೆ ನರ್ಸ್ ಆದವಳು ಸೂಲಗಿತ್ತಿಯೂ ಹೌದು, ಎರಡಕ್ಕೂ ಸೇರಿ ಒಂದೇ ಓದು. ಇಲ್ಲಿ ಮಿಡ್‌ವೈಫ್ ಬೇರೆಯೇ ವೃತ್ತಿ, ಅದರ ಓದೂ ನೋಂದಣಿಯೂ ಬೇರೆ. ಹಾಗಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಿಂದ ಅಸಲಿ ಮ್ಯಾಂಚೆಸ್ಟರಿಗೆ ಬಂದ ನನ್ನನ್ನು ಬಾಣಂತಿಯರ ವಾರ್ಡಿಗೆ ಹಾಕಿದರು. ಬಿಪಿ ನೋಡುವುದು, ಸಿಸೇರಿಯನ್ ಗಾಯ ನೋಡುವುದು, ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಡುವುದು, ಕೂಸಿಗೆ ಮೊಲೆ ಹಿಡಿಸಲು ಹೇಳಿಕೊಡುವುದು. ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಆದರೆ ಲೇಬರ್ ವಾರ್ಡಿಗೆ ಸಹಾಯಕ್ಕೆಂದು ಕಳಿಸಿದಾಗ ಬರಿಗೈಲಿ ಪಕ್ಕ ನಿಂತು ನೋಡುತ್ತೇನಲ್ಲ, ದುಡಿಯುವಾಗ ಕಾಣದ ಎಷ್ಟೋ ಸಂಗತಿ ಆಗ ಕಾಣುತ್ತದೆ.

ಮೊದಲು ಕಂಡಿದ್ದು, ಹೆರುವವಳ ತಲೆದೆಸೆಯಲ್ಲಿ ಅವಳ ಮನುಷ್ಯರೊಬ್ಬರು ಇರುವುದು. ಗಂಡನೋ, ತಾಯಿಯೋ, ಗೆಳತಿಯೋ. ಅದಕ್ಕೆ ಯಾರ ಕಾಲೂ ಹಿಡಿಯಬೇಕಿಲ್ಲ, ಯಾರೂ ಅದನ್ನು ದೊಡ್ಡ ವಿಷಯ ಮಾಡುವುದೂ ಇಲ್ಲ. ನೋವು ಜೋರಾದ ಮೇಲೆ ಒಬ್ಬಳಿಗೆ ಒಬ್ಬ ಮಿಡ್‌ವೈಫ್ ಅನ್ನುವುದು ಇಲ್ಲಿನ ನಿಯಮ. ನೋವಿಗೆ ಅರ್ಧ ಆಮ್ಲಜನಕ, ಅರ್ಧ ನೈಟ್ರಸ್ ಆಕ್ಸೈಡ್ ಬೆರೆಸಿದ ಗ್ಯಾಸು, ಬೇಕೆಂದರೆ ಬೆನ್ನಿಗೆ ಚುಚ್ಚಿ ನೋವು ತಗ್ಗಿಸುವ ಎಪಿಡ್ಯೂರಲ್. ಇವೆಲ್ಲ ದುಡ್ಡಿನ ಮಾತು, ನಮ್ಮ ಜಿಲ್ಲಾಸ್ಪತ್ರೆಗಳಿಗೆ ನಾಳೆಯೇ ಬರುವಂಥವಲ್ಲ. ನನ್ನ ತಕರಾರು ದುಡ್ಡು ಬೇಡದ ಆ ಮೊದಲನೆಯದರ ಬಗ್ಗೆ ಮಾತ್ರ.

ನಮ್ಮಲ್ಲಿ ಹೇಗೆ? ಜಗಳೂರು ಕಡೆಯ ಹಳ್ಳಿಯಿಂದ ಚೊಚ್ಚಿಲ ಬಸುರಿ ರಾತ್ರಿ 108ರಲ್ಲಿ ಬರುತ್ತಾಳೆ. ಜೊತೆಗೆ ಅವ್ವ, ಅತ್ತೆ, ಆಶಾ ಕಾರ್ಯಕರ್ತೆ, ಹಳೇ ಪಂಚೆ-ಸೀರೆಗಳ ಗಂಟು. ಲೇಬರ್ ರೂಮಿನ ಬಾಗಿಲಲ್ಲಿ ಬಳೆ, ಓಲೆ, ಸೀರೆ ಬಿಚ್ಚಿ ಅವ್ವನ ಕೈಗೆ ಕೊಟ್ಟು ಹುಡುಗಿ ಒಳಗೆ ಹೋದಳೆಂದರೆ ಬಾಗಿಲು ಮುಚ್ಚಿತು. ಒಳಗೆ ಸಾಲಾಗಿ ಟೇಬಲು. ಒಬ್ಬಳದು ತಲೆ ಕಾಣುತ್ತಿದೆ, ಇನ್ನೊಬ್ಬಳಿಗೆ ಮಾಸು ಬಿದ್ದಿಲ್ಲ, ಮತ್ತೊಬ್ಬಳು ವಾಂತಿ ಮಾಡಿಕೊಳ್ಳುತ್ತಿದ್ದಾಳೆ. ಇದರ ನಡುವೆ ಸಿಸ್ಟರು ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತ ಕೇಳಬೇಕು, ಡ್ರಿಪ್ಪಿನ ಹನಿ ಎಣಿಸಬೇಕು, ಹೆರಿಗೆ ಎಲ್ಲಿಗೆ ಬಂತು ಅಂತ ಗುರುತು ಹಾಕುವ ಪಾರ್ಟೋಗ್ರಾಫ್ ಹಾಳೆ ತುಂಬಬೇಕು. “ಯವ್ವಾ, ಸಾಯ್ತೀನ್ರೀ” ಅಂತ ಹುಡುಗಿ ಕೂಗಿದರೆ ಬರುವ ಉತ್ತರ, “ಕೂಗಬ್ಯಾಡ, ಉಸಿರು ಹಿಡಿದು ಕೆಳಗೆ ಮುಕ್ಕು.” ಇದು ಒಳ್ಳೆಯ ಉತ್ತರ. ಗಂಡನ ಹೆಸರೆತ್ತಿ ಆಡುವ ಇನ್ನೊಂದು ಮಾತಿದೆ, ಅದನ್ನು ಇಲ್ಲಿ ಬರೆಯಲಾರೆ. ಹೆತ್ತವರಲ್ಲಿ ಕೇಳದವರು ಕಡಿಮೆ.

ವಿದೇಶಕ್ಕೆ ಬಂದವರು ‘ನಮ್ಮ ನರ್ಸುಗಳಿಗೆ ಕರುಣೆಯೇ ಇಲ್ಲ’ ಅನ್ನುವುದನ್ನು ಇಲ್ಲಿನ ಯುಗಾದಿ ಊಟದ ಪಂಕ್ತಿಯಲ್ಲೂ ಕೇಳಿದ್ದೇನೆ. ನಾನು ಒಪ್ಪುವುದಿಲ್ಲ. ಮೂರು ಟೇಬಲಿಗೆ ಓಡುವವಳಿಗೆ ಒಬ್ಬಳ ಬೆನ್ನು ನೀವಲು ಕೈ ಎಲ್ಲಿಂದ ಬರಬೇಕು? ಆ ಕೈ ಬಾಗಿಲಾಚೆ ಕಾರಿಡಾರಿನಲ್ಲಿ ಚಾಪೆ ಹಾಸಿಕೊಂಡು ಕೂತಿದೆ. ಒಳಗಿನ ಕೂಗು ಕೇಳಿ ಸೆರಗು ಬಾಯಿಗೆ ಒತ್ತಿಕೊಂಡಿದೆ. ನಾವೇ ಬಿಟ್ಟಿಲ್ಲ ಅಷ್ಟೆ.

ಬಿಟ್ಟರೆ ಅವ್ವ ಏನು ಮಾಡುತ್ತಾಳೆ ಅಂದರೆ, ನೀರು ಕುಡಿಸುತ್ತಾಳೆ, ಸೊಂಟ ಒತ್ತುತ್ತಾಳೆ, ಕೈ ಹಿಡಿದು ನಾಲ್ಕು ಹೆಜ್ಜೆ ಅಡ್ಡಾಡಿಸುತ್ತಾಳೆ. ಜೊತೆಗೆ ಒಬ್ಬರಿದ್ದರೆ ನೋವಿನ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ನೂ ಕಡಿಮೆಯಾಗುತ್ತದೆ. ಇದು ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡದ್ದು, ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಕೂಡ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಹೆರಿಗೆಯಾದ ಮೇಲಿನ ಎರಡು ಗಂಟೆ. ಕೂಸು ಬಂದ ಒಂದು ನಿಮಿಷದೊಳಗೆ ಗರ್ಭಕೋಶ ಬಿಗಿಯಾಗಲೆಂದು ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ. ಆದರೂ ಗರ್ಭಕೋಶ ಸಡಿಲ ಬಿಟ್ಟರೆ ರಕ್ತ ಹರಿದುಬಿಡುತ್ತದೆ. ಅದಕ್ಕೇ 15 ನಿಮಿಷಕ್ಕೊಮ್ಮೆ ಹೊಟ್ಟೆ ಮುಟ್ಟಿ ನೋಡಬೇಕು ಅನ್ನುವುದು. ಹೊಕ್ಕುಳ ಹತ್ತಿರ ಕ್ರಿಕೆಟ್ ಚೆಂಡಿನ ಹಾಗೆ ಗಟ್ಟಿ ಸಿಗಬೇಕು. ರಾತ್ರಿ ಮೂರು ಗಂಟೆಗೆ ಆ 15 ನಿಮಿಷ ಎಷ್ಟು ಸಲ ಅರ್ಧ ಗಂಟೆಯಾಗುತ್ತದೆ ಅನ್ನುವುದು ಡ್ಯೂಟಿ ಮಾಡಿದವರಿಗೆಲ್ಲ ಗೊತ್ತು. ‘ಇಲ್ಲಿ ಕೈ ಇಡಮ್ಮ, ಮೆತ್ತಗಾದ್ರೆ ಕೂಗು, ಬಟ್ಟೆ ನೆಂದ್ರೆ ಕೂಗು’ ಅಂತ ಒಮ್ಮೆ ತೋರಿಸಿಕೊಟ್ಟರೆ ಅವ್ವ ಕಣ್ಣು ಮುಚ್ಚುವುದಿಲ್ಲ. ಮುಟ್ಟಿ ನೋಡುವ ಕೆಲಸ ಸಿಸ್ಟರದ್ದೇ, ಆದರೆ ಕರೆಯುವವರು ಪಕ್ಕದಲ್ಲಿದ್ದರೆ ಸಿಸ್ಟರು ಹೊತ್ತಿಗೆ ಬರುತ್ತಾಳೆ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಕಹಿಯಾದೀತು. ‘ಗಂಡು ಕೂಸು, ಖುಷಿಗೆ ಏನಾದ್ರೂ ಕೊಡ್ರಿ’ ಅನ್ನುವ ವ್ಯವಹಾರ ನಡೆಯುವುದು ಬಾಗಿಲು ಮುಚ್ಚಿರುವುದರಿಂದಲೇ. ಸುದ್ದಿ ಒಳಗಿದೆ, ಕಾಯುವವರು ಹೊರಗಿದ್ದಾರೆ, ನಡುವೆ ಸುದ್ದಿ ಹೊತ್ತು ತರುವವರು. ಅಜ್ಜಿಯೇ ಒಳಗಿದ್ದು ಕೂಸನ್ನು ಕಂಡಿದ್ದರೆ ಯಾರಿಗೆ ಏನು ಮಾರುವುದು?

ಸರ್ಕಾರ ಬೇಡ ಅಂದಿಲ್ಲ. 2016ರಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಹೆರಿಗೆಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದು ಅಂದಿತು. ಸರ್ಕಾರಿ ಲೇಬರ್ ರೂಮುಗಳನ್ನು ಸುಧಾರಿಸಲೆಂದು ಬಂದ 2017ರ ಲಕ್ಷ್ಯ ಕಾರ್ಯಕ್ರಮದಲ್ಲೂ ಅದಿದೆ. ಕಾಗದ ಬಂದ ಎಲ್ಲ ಕಡೆ ಬಾಗಿಲು ತೆರೆಯಲಿಲ್ಲ.

ಇಂಗ್ಲೆಂಡನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿಲ್ಲ. ಹೆರಿಗೆ ಆದ ಕೂಡಲೇ ಚಹಾ, ಸುಟ್ಟ ಬ್ರೆಡ್ಡು ಕೊಡುತ್ತಾರೆ. ಎಲ್ಲ ಸರಿಯಿದ್ದರೆ ಆರರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಮನೆಗೆ. ಆಮೇಲೆ ಹತ್ತು ದಿನದವರೆಗೆ ಮಿಡ್‌ವೈಫ್ ವಿಚಾರಿಸಿಕೊಳ್ಳುತ್ತಾಳೆ ನಿಜ, ಆದರೆ ಅವಳು ಬಂದು ಹೋಗುವವಳು. ನನ್ನ ವಾರ್ಡಿನಲ್ಲಿ ನಡುರಾತ್ರಿ ಗಂಟೆ ಒತ್ತುವ ಬಾಣಂತಿಗೆ ಎಷ್ಟೋ ಸಲ ಮಾತ್ರೆ ಬೇಕಿರುವುದಿಲ್ಲ, ಕೂಸನ್ನು ಹತ್ತು ನಿಮಿಷ ಎತ್ತಿಕೊಳ್ಳುವವರು ಬೇಕಿರುತ್ತಾರೆ. ಆಗ ದಾವಣಗೆರೆಯ ವಾರ್ಡಿನಲ್ಲಿ ಮಂಚದ ಕೆಳಗೆ ಕೌದಿ ಹಾಸಿ ಮಲಗುವ, ನಾವು ದಿನಾ ಬೆಳಿಗ್ಗೆ ಗದರಿ ಎಬ್ಬಿಸುತ್ತಿದ್ದ ಅಜ್ಜಿಯರು ನೆನಪಾಗುತ್ತಾರೆ. ತವರಿನ ಬಾಣಂತನದಲ್ಲಿ ಬಾಣಂತಿಗೆ ನೀರು ಕೊಡದಿರುವುದು, ಕೂಸಿನ ಮೂಗಿಗೆ ಸಾಂಬ್ರಾಣಿ ಹೊಗೆ ಹಾಕುವುದು, ಇವನ್ನು ನರ್ಸಾಗಿ ನಾನು ಕಂಡಾಪಟ್ಟೆ ವಿರೋಧಿಸುತ್ತೇನೆ. ಹಾಗಂತ ಅಜ್ಜಿಯನ್ನು ಬಿಟ್ಟುಕೊಡಲಾರೆ.

ಕಳೆದ ಸಲ ಊರಿಗೆ ಹೋದಾಗ ಇನ್ನೂ ಲೇಬರ್ ರೂಮಿನಲ್ಲೇ ಇರುವ ಗೆಳತಿಯ ಮುಂದೆ, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಇದನ್ನೆಲ್ಲ ಹೇಳಿದೆ. “ಒಬ್ರನ್ನ ಬಿಟ್ರೆ ನಾಕು ಜನ ನುಗ್ತಾರೆ ನೋಡು. ಪಕ್ಕದ ಟೇಬಲ್ನಾಕೆ ಮಾನ ಏನಾಗ್ಬೇಕು?” ಅಂದಳು. ಮಾನದ ಮಾತು ಸರಿಯೇ. ಅದಕ್ಕೇ ಟೇಬಲುಗಳ ನಡುವೆ ಪರದೆ ಬೇಕು, ಗಂಡಂದಿರ ಸರದಿ ಪರದೆ ಬಂದ ಮೇಲೆ. ಈಗ ಹೆಂಗಸರಿಂದ ಶುರುವಾಗಲಿ. ನುಗ್ಗುವುದಕ್ಕೂ ದಾರಿ ಇದೆ: ಒಂಬತ್ತನೇ ತಿಂಗಳಲ್ಲೇ ಆಶಾ ಕೈಲಿ ತಾಯಿ ಕಾರ್ಡಿನ ಮೇಲೆ ಜೊತೆಗಾತಿಯ ಹೆಸರು ಬರೆಸಿಬಿಡುವುದು. ಹೆಸರಿದ್ದವಳಿಗೆ ಒಗೆದ ಗೌನು, ರಬ್ಬರ್ ಚಪ್ಪಲಿ. ಉಳಿದವರು ಹೊರಗೆ.

“ಅತ್ತೆ ಹೆಸರು ಬರೆಸೋದಾ, ಅವ್ವಂದಾ ಅಂತ ಅಲ್ಲೇ ಜಗಳ ಶುರು ಆಗ್ತದೆ ತಗಾ” ಅಂತ ನಕ್ಕಳು.

ಬಸುರಿಯನ್ನೇ ಕೇಳಿ ಬರೆಯಲಿ. ಜಗಳವಾದರೆ ಒಂಬತ್ತನೇ ತಿಂಗಳಲ್ಲಿ ಮನೆಯ ಪಡಸಾಲೆಯಲ್ಲೇ ಆಗಿ ಮುಗಿಯಲಿ.