ಬಂಡೆಗೆ ನಂಬರ್ ಹಚ್ಚುವವರು

ಇಂಗ್ಲೆಂಡಿನಲ್ಲಿ ಬಂಡೆ ಹತ್ತಲು ಕಲಿಯುವವರನ್ನು ಮೊದಮೊದಲು ಕರೆದುಕೊಂಡು ಹೋಗುವುದು ‘ವೆರಿ ಡಿಫಿಕಲ್ಟ್’ ದಾರಿಗಳಿಗೆ. ಗಾಬರಿ ಬೇಡ. ಅಲ್ಲಿ ಅದು ಸುಲಭದ ದರ್ಜೆ. ಅದರ ಕೆಳಗೆ ‘ಡಿಫಿಕಲ್ಟ್’ ಇದೆ, ಅದಕ್ಕೂ ಕೆಳಗೆ ‘ಮಾಡರೇಟ್’. ಮೇಲಕ್ಕೆ ಹೋದರೆ ಸಿವಿಯರ್, ಹಾರ್ಡ್ ಸಿವಿಯರ್, ವೆರಿ ಸಿವಿಯರ್, ಹಾರ್ಡ್ ವೆರಿ ಸಿವಿಯರ್. ಇಷ್ಟಾದರೂ ನಿಜವಾದ ಕಷ್ಟ ಇನ್ನೂ ಶುರುವಾಗಿಲ್ಲ. ಆಮೇಲೆ ಬರುವುದು ‘ಎಕ್ಸ್‌ಟ್ರೀಮ್ಲಿ ಸಿವಿಯರ್’. ಅದರಾಚೆ ಹೇಳಲು ಪದವೇ ಉಳಿಯಲಿಲ್ಲ ನೋಡಿ, ಕೊನೆಗೆ ಇ1, ಇ2 ಅಂತ ಎಣಿಸಲು ಕೂತರು. 2006ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್ ಬಂಡೆ ಹತ್ತಿದ ಡೇವ್ ಮೆಕ್ಲೌಡ್ ಆ ಎಣಿಕೆಯನ್ನು ಇ11ಕ್ಕೆ ತಲುಪಿಸಿದರು.

ಇದು ಬ್ರಿಟಿಷರಿಗೆ ಮಾತ್ರ ಹಿಡಿದ ಹುಚ್ಚಲ್ಲ. 1920ರ ದಶಕದಲ್ಲಿ ಜರ್ಮನಿಯ ವಿಲ್ಲೋ ವೆಲ್ಜೆನ್‌ಬಾಖ್ ಒಂದರಿಂದ ಆರರವರೆಗೆ ಅಳತೆ ಮಾಡಿದರು. ಆರು ಅಂದರೆ ಮನುಷ್ಯನ ಕೈಲಾಗುವುದರ ಕೊನೆ. ಮುಗೀತು, ಬೀಗ ಹಾಕಿ. ಮುಂದೆ ಬಂದವರು ಎಷ್ಟೇ ಕಷ್ಟದ್ದನ್ನು ಹತ್ತಿದರೂ ಆರರೊಳಗೇ ತುರುಕಬೇಕಾಯಿತು. 1977ರಲ್ಲಿ ರೈನ್‌ಹಾರ್ಡ್ ಕಾರ್ಲ್, ಹೆಲ್ಮುಟ್ ಕೀನೆ ಇಬ್ಬರೂ ಸೇರಿ ಒಂದು ದಾರಿ ಹತ್ತಿ, ಧೈರ್ಯ ಮಾಡಿ ಏಳು ಅಂದರು. ಐವತ್ತು ವರ್ಷ ಬೇಕಾಯಿತು, ಆರಾದ ಮೇಲೆ ಏಳು ಬರುತ್ತೆ ಅಂತ ಒಪ್ಪಿಕೊಳ್ಳಲು.

ಅಮೆರಿಕದವರು ಅಷ್ಟು ಕಾಯಲಿಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ತಾಕ್ವಿಟ್ಸ್ ಬಂಡೆಯ ಮೇಲೆ 5.0ಯಿಂದ 5.9ರವರೆಗೆ ಪಟ್ಟಿ ಮಾಡಿದರು. 5.9ಕ್ಕೆ ಆಟ ಮುಗಿಯಬೇಕಿತ್ತು. ಅಷ್ಟರಲ್ಲಿ ಯಾರೋ ಇನ್ನೂ ಕಷ್ಟದ್ದು ಹತ್ತಿಬಿಟ್ಟರು. ಏನು ಮಾಡುವುದು? 5.10 ಅಂದರು. ನಮ್ಮ ಲೆಕ್ಕದ ಮೇಷ್ಟ್ರು ಕಂಡಿದ್ದರೆ ಕಿವಿ ಹಿಂಡುತ್ತಿದ್ದರು. ದಶಮಾಂಶದಲ್ಲಿ 5.10 ಅಂದರೆ 5.1 ತಾನೇ? ಅದು 5.9ಕ್ಕಿಂತ ಕಮ್ಮಿ ಅಲ್ವಾ? ಈಗ ಅದು ಎ, ಬಿ, ಸಿ, ಡಿ ಬಾಲ ಹಚ್ಚಿಕೊಂಡು 5.15ಡಿವರೆಗೆ ಬೆಳೆದಿದೆ.

ತಮಾಷೆ ಇರುವುದು ಆಚೆ. ಬೀಗ ಹಾಕಿದ್ದ ಕಾಲದಲ್ಲಿ ಕಷ್ಟದ್ದಕ್ಕೆಲ್ಲ 5.9 ಅಂತ ಬರೆದಿದ್ದರಲ್ಲ, ಅವನ್ನು ತಿದ್ದುವ ಗೋಜಿಗೆ ಬಹಳ ಕಡೆ ಯಾರೂ ಹೋಗಲಿಲ್ಲ. ಹಾಗಾಗಿ ನ್ಯೂಯಾರ್ಕ್ ರಾಜ್ಯದ ಶಾವನ್‌ಗಂಕ್ಸ್‌ನಂಥ ಹಳೆಯ ಜಾಗಕ್ಕೆ ಹೋಗಿ ಸ್ಥಳೀಯರನ್ನು ಕೇಳಿದರೆ, ನಮ್ಮ ಹಳ್ಳಿಯಲ್ಲಿ ದಾರಿ ಕೇಳಿದ ಹಾಗೇ. ‘ಇಲ್ಲೇ ಸ್ವಾಮಿ, ಒಂದು ಬೀಡಿ ಸೇದೋ ಅಷ್ಟು ದೂರ.’ ಕಟ್ಟು ಬೀಡಿ ಖಾಲಿಯಾದರೂ ಊರು ಬರುವುದಿಲ್ಲ. ನಂಬರ್ ಸಣ್ಣದು, ಕಷ್ಟ ದೊಡ್ಡದು. ಇದಕ್ಕೆ ಹತ್ತುವವರ ಭಾಷೆಯಲ್ಲಿ ಸ್ಯಾಂಡ್‌ಬ್ಯಾಗ್ ಅನ್ನುತ್ತಾರೆ. ಪರಊರಿನವನು ಅರ್ಧದಲ್ಲಿ ನೇತಾಡುತ್ತಿದ್ದರೆ ಕೆಳಗೆ ನಿಂತವನ ಮುಖ ನೋಡಬೇಕು. ಎಷ್ಟು ವಿನಯ!

ಗ್ರೀಸಿನ ಕಲಿಮ್ನೋಸ್ ದ್ವೀಪದ ಕಥೆ ಉಲ್ಟಾ. ಮೊದಲು ಅದು ಸಮುದ್ರಕ್ಕೆ ಮುಳುಗಿ ಸ್ಪಂಜು ತೆಗೆಯುವವರ ಊರು. ಈಗ ಸುಣ್ಣಕಲ್ಲಿನ ಗುಹೆಗಳಿಗೆ ಜೋತು ಬೀಳಲು ದುಡ್ಡು ಕೊಟ್ಟು ಬರುವವರ ಊರು. ಅಲ್ಲಿನ ಗ್ರೇಡು, ಅಂದರೆ ಕಷ್ಟದ ನಂಬರ್, ಧಾರಾಳ, ಸುಲಭದ ದಾರಿಗೂ ದೊಡ್ಡದೇ ಸಿಗುತ್ತೆ ಅಂತ ಹತ್ತುವವರೆಲ್ಲ ಆಡಿಕೊಳ್ಳುತ್ತಾರೆ, ಆಡಿಕೊಂಡೇ ಮುಂದಿನ ವರ್ಷಕ್ಕೂ ಟಿಕೆಟ್ ಮಾಡಿಸುತ್ತಾರೆ. ನನ್ನ ಲೆಕ್ಕ ಇಷ್ಟೇ: ಊರಿನ ಮಾನ ದೊಡ್ಡದಾದ ಕಡೆ ಗ್ರೇಡು ಕಮ್ಮಿ, ರೂಮಿನ ಬಾಡಿಗೆ ದೊಡ್ಡದಾದ ಕಡೆ ಜಾಸ್ತಿ. ಬೆಂಗಳೂರಿನ ಜಿಮ್ಮುಗಳಲ್ಲಿ ಬಣ್ಣದ ಪ್ಲಾಸ್ಟಿಕ್ ಹಿಡಿದು ಹತ್ತುವ ಗೋಡೆಗೂ ಇದೇ ಸೂತ್ರ ಹಾಕಿ ನೋಡಿ. ಮೂರು ತಿಂಗಳಿಗೆ ಮೆಂಬರ್‌ಶಿಪ್ ಮುಗಿಯುತ್ತೆ. ಮೂರು ತಿಂಗಳಿಗೆ ಒಂದು ಗ್ರೇಡೂ ಏರುತ್ತೆ.

ಆ ಗ್ರೇಡು ಹೊತ್ತುಕೊಂಡೇ ಹುಡುಗರು ಡಿಸೆಂಬರಿನಲ್ಲಿ ಬಾದಾಮಿಗೆ ಬರುತ್ತಾರೆ. ಕೆಂಪು ಮರಳುಗಲ್ಲು, ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಮೂರನೇ ಬೋಲ್ಟು. ಮೇಲಿನವನು ‘ಟೇಕ್, ಟೇಕ್’ ಅಂತ ಕೂಗಿ ಹಗ್ಗಕ್ಕೆ ಕೂತಿದ್ದಾನೆ. ಕೈ ಬೆವರದಂತೆ ಹಚ್ಚಿಕೊಳ್ಳುವ ಚಾಕ್ ಪುಡಿಯ ಚೀಲದೊಳಗೆ ಕೈ ಹಾಕಿ ತಿರುವುತ್ತಿದ್ದಾನೆ, ಉತ್ತರ ಅದರೊಳಗೇ ಇದೆ ಅನ್ನುವ ಹಾಗೆ.

‘ಮಗಾ, ಇದು 6ಎ ಅಲ್ಲ. ಎರಡು ಅಕ್ಷರ ಮೇಲೆ, ಪಕ್ಕಾ 6ಸಿ.’

‘ಜಿಮ್ಮಲ್ಲಿ 6ಸಿ ವಾರ್ಮಪ್ ಅಂತಿದ್ದೆ?’

‘ಅದು ಬೇರೆ 6ಸಿ ಗುರೂ.’

ಬಿದ್ದರೆ ಸ್ಯಾಂಡ್‌ಬ್ಯಾಗ್. ಹತ್ತಿದರೆ ಗ್ರೇಡು ಸರಿಯಾಗಿಯೇ ಇದೆ, ಸ್ವಲ್ಪ ಜಾಸ್ತಿಯೇ ಇರಬಹುದು. ಪಕ್ಕದವನು ಹತ್ತಿದರೆ ಮಾತ್ರ ‘ಸಾಫ್ಟ್’, ನಂಬರಿಗಿಂತ ಸುಲಭ. ಈ ನಿಯಮ ಯಾವ ದೇಶದಲ್ಲೂ ಬದಲಾಗುವುದಿಲ್ಲ. ಜಗತ್ತಿನ ಎಲ್ಲ ಬಂಡೆಗೂ ಒಂದೇ ಗ್ರೇಡು ಬೇಕು ಅನ್ನುವವರು ಇದರಿಂದಲೇ ಶುರು ಮಾಡಬಹುದು.

ಕೆಳಗೆ ಇಳಿದ ಮೇಲೆ ಫೋನಿನಲ್ಲಿ ಟೇಬಲ್ ತೆಗೆಯುತ್ತಾರೆ. ಫ್ರಾನ್ಸಿನ 6ಎ ಅಂದರೆ ಅಮೆರಿಕದ 5.10ಎ, ಆಸ್ಟ್ರೇಲಿಯಾದ 18. ಎಷ್ಟು ನೀಟು! ಬಾದಾಮಿಯಲ್ಲಿ ಅಡ್ಡಡ್ಡ ಪದರ, ಹಿಡಿಯಲು ಅಂಚು ಸಿಗುತ್ತೆ. ಹಂಪಿಯ ಗ್ರಾನೈಟು ಬೆರಳಿನ ಚರ್ಮವನ್ನೇ ತಿನ್ನುತ್ತೆ. ಮಧ್ಯಾಹ್ನದ ಬಿಸಿಲಿಗೆ ಕೈ ಬೆವತು ಎರಡೂ ಕಡೆ ಜಾರುತ್ತೆ. ಐದಡಿಯವರಿಗೆ ಹಾರಿ ಹಿಡಿಯಬೇಕಾದ ಅಂಚು ಆರಡಿಯವರಿಗೆ ನಿಂತಲ್ಲೇ ಸಿಗುತ್ತೆ. ಜರ್ಮನಿಯ ಸ್ಯಾಕ್ಸನಿಯಲ್ಲಂತೂ ಚಾಕ್ ಹಚ್ಚುವ ಹಾಗಿಲ್ಲ, ಬಿರುಕಿಗೆ ಕಬ್ಬಿಣದ ಸಾಮಾನು ಸಿಕ್ಕಿಸುವ ಹಾಗಿಲ್ಲ, ಹಗ್ಗದ ಗಂಟು ತುರುಕಿ ಅದರ ಮೇಲೆ ಜೀವ ಇಡಬೇಕು. ಟೇಬಲ್ಲಿನಲ್ಲಿ ಅದಕ್ಕೂ ಒಂದು ಕಾಲಂ.

ಇನ್ನು 6ಎ ಅಂದರೆ ಯಾವ 6ಎ? ಫ್ರಾನ್ಸಿನಲ್ಲಿ ಹಗ್ಗ ಕಟ್ಟಿ ಹತ್ತುವ 6ಎಗೆ ಇಂಗ್ಲಿಷಿನ ಸಣ್ಣಕ್ಷರ. ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋ ಕಾಡಿನ ಗುಂಡುಬಂಡೆಗಳ 6ಎಗೆ ದೊಡ್ಡಕ್ಷರ. ಮೊದಲನೆಯದನ್ನು ಆರಾಮಾಗಿ ಹತ್ತಿದವನು ಎರಡನೆಯದರಲ್ಲಿ ನೆಲ ಬಿಟ್ಟು ಏಳದೇ ಇರಬಹುದು. ಬ್ರಿಟಿಷರಿಗೆ ಇನ್ನೊಂದು 6ಎ ಇದೆ, ಅದರ ದಾರಿಯೇ ಬೇರೆ.

ತೀರಾ ಮೇಲಿನವರಾದರೂ ನೆಟ್ಟಗಿದ್ದಾರೆ ಅಂದುಕೊಂಡಿರಾ? 1995ರಲ್ಲಿ ಫ್ರಾನ್ಸಿನ ಫ್ರೆಡ್ ರೂಲಿಂಗ್ ‘ಅಕಿರಾ’ ಅನ್ನುವ ದಾರಿ ಹತ್ತಿ 9ಬಿ ಅಂದರು. ಆ ಕಾಲಕ್ಕೆ ಯಾರೂ ಕೇಳಿರದ ನಂಬರ್. ವರ್ಷಗಟ್ಟಲೆ ಜಗಳ ನಡೆಯಿತು, ಜಗಳ ಆಡಿದವರ್ಯಾರೂ ಅದನ್ನು ಹತ್ತಿರಲಿಲ್ಲ. 2020ರಲ್ಲಿ ಸೆಬ್ ಬುವ್ಯಾಂ ಮತ್ತು ಲೂಸಿಯೆನ್ ಮಾರ್ಟಿನೆಜ್ ಹತ್ತಿ ಬಂದು, 9ಎ ಅಂದರು. ಎರಡು ಮೆಟ್ಟಿಲು ಇಳಿಸಲು 25 ವರ್ಷ. ನಮ್ಮ ಸಿವಿಲ್ ಕೋರ್ಟುಗಳ ಮೇಲೆ ಸುಮ್ನೆ ಅಪವಾದ.

ಈ ಗೊಂದಲಕ್ಕೆ ಮದ್ದೇ ಇಲ್ಲ ಅಂತಲ್ಲ. ಸ್ಪೀಡ್ ಕ್ಲೈಂಬಿಂಗಿನ ಗೋಡೆ ಎಲ್ಲ ದೇಶದಲ್ಲೂ ಒಂದೇ. ಹದಿನೈದು ಮೀಟರ್ ಎತ್ತರ, ಅವೇ ಹಿಡಿಗಳು, ಅದೇ ಜಾಗದಲ್ಲಿ. ಗ್ರೇಡು ಯಾರೂ ಕೇಳುವುದಿಲ್ಲ, ಗಡಿಯಾರ ನೋಡಿದರೆ ಆಯಿತು. ಟೋಕಿಯೋ ಒಲಿಂಪಿಕ್ಸಿನಲ್ಲಿ ಇದನ್ನೂ ಉಳಿದೆರಡು ಬಗೆಯ (ಹಗ್ಗ ಕಟ್ಟಿ ಎತ್ತರ ಹತ್ತುವ ಲೀಡ್, ಹಗ್ಗವಿಲ್ಲದೆ ಗಿಡ್ಡ ಗೋಡೆ ಹತ್ತುವ ಬೌಲ್ಡರಿಂಗ್) ಜೊತೆ ಒಂದೇ ಪದಕಕ್ಕೆ ಕಟ್ಟಿದಾಗ ಬಂಡೆ ಹತ್ತುವವರು ಸಿಟ್ಟಾದರು. ಎಲ್ಲ ಕಡೆ ಒಂದೇ ಥರದ ಗೋಡೆಯಂತೆ! ಅದನ್ನೂ ಕ್ಲೈಂಬಿಂಗ್ ಅನ್ನುತ್ತಾರಾ?