ಕತ್ತರಿಸಿ ಹಾಕಿದ ಆರು ಗಂಟೆ

ಹೋದ ವಾರ ಕಾರು ರಿಪೇರಿಯ ನನ್ನ ಯೂಟ್ಯೂಬ್ ಚಾನೆಲ್‌ನ ಒಂದು ವಿಡಿಯೊವನ್ನು ನಾನೇ ಅಳಿಸಿದೆ. ಬ್ರೇಕ್ ಪ್ಯಾಡ್ ಬದಲಿಸುವುದು ಹೇಗೆ ಅನ್ನುವ ವಿಡಿಯೊ. ನಾನು ಹಾಕಿದ್ದರಲ್ಲೆಲ್ಲ ಹೆಚ್ಚು ಜನ ನೋಡಿದ್ದು ಅದನ್ನೇ, ಹೊಸಬರು ಚಾನೆಲ್ ಕಡೆ ಬರುತ್ತಿದ್ದುದೂ ಅದರಿಂದಲೇ. ಯಾಕೆ ತೆಗೆದಿರಿ ಅಂತ ತುಂಬ ಜನ ಕೇಳುತ್ತಿದ್ದಾರೆ. ಒಂದೆರಡು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ವಿಡಿಯೊದಲ್ಲಿ ಮುಂದಿನ ಚಕ್ರಗಳ ಪ್ಯಾಡ್ ಬದಲಿಸಿದ್ದೆ. ಚಕ್ರದ ಜೊತೆ ತಿರುಗುವ ಡಿಸ್ಕ್‌ಗೆ ಪ್ಯಾಡ್‌ಗಳನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಸಿ-ಕ್ಲ್ಯಾಂಪ್ ಹಾಕಿ ಅದರ ಪಿಸ್ಟನ್ ಒಳಗೆ ಒತ್ತಿ, ಹೊಸ ಪ್ಯಾಡ್ ಕೂರಿಸಿದ್ದೆ. ಅಷ್ಟು ಹೊತ್ತಿಗೆ ಕತ್ತಲಾಗುತ್ತ ಬಂದಿತ್ತು. ಹಿಂದಿನ ಚಕ್ರಗಳ ಕೆಲಸವನ್ನು ಶೂಟ್ ಮಾಡಲಿಲ್ಲ. ಕ್ಯಾಮೆರಾ ಕಡೆ ತಿರುಗಿ "ಹಿಂದಿನದೂ ಹೀಗೇ" ಅಂದುಬಿಟ್ಟೆ. ಎರಡೇ ಪದ.

ನನ್ನ ಕೈಲಿದ್ದ ಆ ಕಾರಿನ ಮಟ್ಟಿಗೆ ಅದು ನಿಜ. ಅದರ ಹ್ಯಾಂಡ್‌ಬ್ರೇಕಿಗೆ ಹಿಂದಿನ ಡಿಸ್ಕ್‌ನ ನಡುವೆ ಬೇರೆಯೇ ಪುಟ್ಟ ಡ್ರಮ್ ಇತ್ತು, ಕ್ಯಾಲಿಪರ್ ಮಾಮೂಲಿಯದು. ಆದರೆ ಎಷ್ಟೋ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕೆಲಸ ಮಾಡುವುದು ಹಿಂದಿನ ಕ್ಯಾಲಿಪರ್‌ನ ಒಳಗಿರುವ ಸ್ಕ್ರೂ ಮೂಲಕ. ಅಂಥ ಪಿಸ್ಟನ್ ಬರೀ ಒತ್ತಿದರೆ ಒಳಗೆ ಹೋಗುವುದಿಲ್ಲ, ತಿರುಗಿಸುತ್ತ ತಳ್ಳಬೇಕು. ಅದಕ್ಕೆಂದೇ ಬೇರೆ ಟೂಲ್ ಇದೆ. ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇದ್ದರಂತೂ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ, ಒಳಗಿನ ಮೋಟರ್ ಹಿಂದೆ ಸರಿದ ಮೇಲೇ ಪಿಸ್ಟನ್ ಮುಟ್ಟಬೇಕು. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಹೇಳದೆ ಬಿಟ್ಟೆ.

ಒಬ್ಬರು ಮೆಸೇಜ್ ಕಳಿಸಿದರು. "ಸರ್, ನಿಮ್ಮ ವಿಡಿಯೊ ನೋಡಿಯೇ ಹಿಂದಿನ ಪ್ಯಾಡ್ ಹಾಕಿದೆ. ಪಿಸ್ಟನ್ ಹೋಗಲಿಲ್ಲ, ಕ್ಲ್ಯಾಂಪ್ ಇನ್ನೂ ಬಿಗಿ ಮಾಡಿದೆ. ಈಗ ಇಳಿಜಾರಿನಲ್ಲಿ ನಿಲ್ಲಿಸಿದರೆ ಕಾರು ಮೆಲ್ಲಗೆ ಜಾರುತ್ತಿದೆ. ನಾನೇನು ತಪ್ಪು ಮಾಡಿದೆ?" ಬೈದಿರಲಿಲ್ಲ, ನನ್ನ ಮೇಲೆ ತಪ್ಪು ಹೊರಿಸಿಯೂ ಇರಲಿಲ್ಲ. ತಾನೇ ತಪ್ಪು ಮಾಡಿದೆ ಅಂದುಕೊಂಡು ಕೇಳುತ್ತಿದ್ದರು. ಒಳಗಿನ ಸ್ಕ್ರೂ ಅಡ್ಜಸ್ಟರ್ ಮುರಿದಿರಬೇಕು, ಆ ಕ್ಯಾಲಿಪರ್ ಬದಲಿಸಲೇಬೇಕು, ಅಲ್ಲಿಯವರೆಗೆ ಕಾರು ಓಡಿಸಬೇಡಿ ಅಂತ ಉತ್ತರಿಸಿದೆ. ತಪ್ಪು ನಿಮ್ಮದಲ್ಲ, ನನ್ನದು ಅಂತಲೂ ಬರೆದೆ. ಯಾರಿಗೂ ಏನೂ ಆಗಲಿಲ್ಲ. ಆ ಕಾರಿನ ಮುಂದೆ ಇಳಿಜಾರಿನಲ್ಲಿ ಯಾರಾದರೂ ನಿಂತಿದ್ದರೆ ಅನ್ನುವ ಯೋಚನೆ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ.

ತಿದ್ದಿ ಮತ್ತೆ ಹಾಕಬಹುದಿತ್ತಲ್ಲ ಅಂತೀರಿ. ಯೂಟ್ಯೂಬ್‌ನಲ್ಲಿ ಒಮ್ಮೆ ಏರಿಸಿದ ವಿಡಿಯೊದ ಜಾಗಕ್ಕೆ ಅದೇ ಲಿಂಕ್‌ನಲ್ಲಿ ಬೇರೆ ವಿಡಿಯೊ ಕೂರಿಸಲು ಬರುವುದಿಲ್ಲ. ಬೇಡದ ತುಂಡು ಕತ್ತರಿಸಬಹುದು, ಬಿಟ್ಟುಹೋದದ್ದನ್ನು ಒಳಗೆ ಸೇರಿಸಲಾಗದು. ಕೆಳಗೆ ವಿವರಣೆಯಲ್ಲಿ ಎಚ್ಚರಿಕೆ ಬರೆದರೆ ಸಾಲದೇ ಅಂದವರೂ ಇದ್ದಾರೆ. ಕಾರಿನ ಕೆಳಗೆ ಕೂತು, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು, ಫೋನನ್ನು ಟೈರಿಗೆ ಒರಗಿಸಿ ನೋಡುವವರು ವಿವರಣೆ ಓದುವುದಿಲ್ಲ. ನಾನೂ ಓದುವುದಿಲ್ಲ. ಹಾಗಾಗಿ ಅಳಿಸಿದೆ.

ಇದನ್ನೆಲ್ಲ ಯೋಚಿಸುತ್ತಿದ್ದಾಗ ಎರಡು ವರ್ಷದ ಹಿಂದಿನ ಇನ್ನೊಂದು ಘಟನೆ ನೆನಪಾಯಿತು. ಆಗ ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ.

ಒಂದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಅಂದರೆ ಎಂಜಿನ್‌ಗೆ ಹೊಗೆ ಕೊಳವೆ ಸೇರುವ ಕಡೆಯ ಸೀಲ್, ಬದಲಿಸುತ್ತಿದ್ದೆ. ಆ ಕೊಳವೆಯನ್ನು ಹಿಡಿದಿಡುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಒಂದು, ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್‌ನ ಮಟ್ಟಕ್ಕೇ ಮುರಿಯಿತು. ಬಿಸಿಯಾಗಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ವರ್ಷಗಟ್ಟಲೆ ತುಕ್ಕು ಹಿಡಿದ ಸ್ಟಡ್‌ಗಳು ಮುರಿಯುವುದೇ ಹಾಗೆ. ಮೊದಲು ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದೆ. ಟಾರ್ಚ್ ಹಿಡಿದು ಕಾಯಿಸಿದೆ. ಮುರಿದ ತುದಿಯ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಿದೆ, ವೆಲ್ಡೇ ಕಿತ್ತುಬಂತು. ಮತ್ತೊಂದು ನಟ್, ಮತ್ತೆ ವೆಲ್ಡ್. ನಾಲ್ಕನೆಯ ಸಲಕ್ಕೆ ಕಿರ್ ಅಂತ ಕೂದಲೆಳೆಯಷ್ಟು ಅಲುಗಾಡಿತು. ಹೆಡ್ ಅಲ್ಯೂಮಿನಿಯಂನದು, ಸ್ಟಡ್ ಉಕ್ಕಿನದು. ಅವಸರಪಟ್ಟು ಡ್ರಿಲ್ ಹಿಡಿದಿದ್ದರೆ ಅದರ ಬಿಟ್ ಪಕ್ಕಕ್ಕೆ ಜಾರಿ ಮೆದು ಅಲ್ಯೂಮಿನಿಯಮ್ಮನ್ನೇ ತಿಂದುಬಿಡುತ್ತಿತ್ತು. ಅದೊಂದು ಸ್ಟಡ್‌ಗೆ ಆರು ಗಂಟೆ ಹಿಡಿಯಿತು. ಎಡಿಟ್ ಮಾಡುವಾಗ ಅದನ್ನು ನಲವತ್ತು ಸೆಕೆಂಡ್‌ಗೆ ಇಳಿಸಿ, ಹಿಂದೆ ಸಂಗೀತ ಹಾಕಿದೆ.

ಕಾಮೆಂಟ್‌ನಲ್ಲಿ ಒಬ್ಬರು ಬರೆದರು: "ಇಷ್ಟು ಸುಲಭದ ಕೆಲಸಕ್ಕೆ ನಮ್ಮ ಮೆಕ್ಯಾನಿಕ್ ಇಡೀ ದಿನ ಕಾರು ಇಟ್ಟುಕೊಂಡ. ಕಳ್ಳ. ಇನ್ನು ಅವನ ಹತ್ತಿರ ಹೋಗುವುದಿಲ್ಲ." ಅದಕ್ಕೆ ನೂರಾರು ಲೈಕ್. ನಾನೂ ಒಂದು ಹಾರ್ಟ್ ಒತ್ತಿದ್ದೆ! ವಿಡಿಯೊ ಮೆಚ್ಚಿಕೊಂಡಿದ್ದಾರೆ ಅಂತ ಖುಷಿಯಲ್ಲಿ. ಎಲ್ಲೋ ಒಬ್ಬ ಮೆಕ್ಯಾನಿಕ್ ನನ್ನ ಹಾಗೇ ಬೆನ್ನು ಬಗ್ಗಿಸಿ, ನನ್ನ ಹಾಗೇ ನಾಲ್ಕು ಸಲ ವೆಲ್ಡ್ ಮಾಡಿ, ಹೆಡ್ ಹಾಳಾಗದಂತೆ ಆ ಸ್ಟಡ್ ತೆಗೆದಿರಬಹುದು. ನಾನು ಕತ್ತರಿಸಿ ಎಸೆದ ಆರು ಗಂಟೆ ಅವನನ್ನು ಕಳ್ಳನನ್ನಾಗಿ ಮಾಡಿತು. ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೋಗಿ ಕ್ಷಮೆ ಕೇಳುತ್ತಿದ್ದೆ.

ರಿಪೇರಿ ವಿಡಿಯೊ ಮಾಡುವ ನಾವೆಲ್ಲ ಇದನ್ನೇ ಮಾಡುತ್ತಿದ್ದೇವೆ ಅನ್ನುವುದು ನನ್ನ ದೂರು. ಬಿಚ್ಚುವುದನ್ನು ತೋರಿಸುತ್ತೇವೆ, ಕೂರಿಸುವುದನ್ನು ತೋರಿಸುತ್ತೇವೆ. ಎರಡರ ನಡುವೆ ಅಳೆಯುವುದು, ಒರೆಸುವುದು, ಕಾಯುವುದು, ತಪ್ಪುವುದು, ಮತ್ತೆ ಯೋಚಿಸುವುದು ಇರುತ್ತದಲ್ಲ, ರಿಪೇರಿ ಅಂದರೆ ಅದೇ. ಅದು ಕತ್ತರಿಗೆ ಹೋಗುತ್ತದೆ. ಹೆಡ್ ಗ್ಯಾಸ್ಕೆಟ್ ಬದಲಿಸುವ ಎಷ್ಟೋ ವಿಡಿಯೊಗಳಲ್ಲಿ ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು, ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ, ಬಾಗಿದೆಯಾ ಅಂತ ನೋಡುವ ಭಾಗವೇ ಇರುವುದಿಲ್ಲ. ಬಾಗಿದ ಹೆಡ್ ಮೇಲೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಒಮ್ಮೆ ಬಿಗಿ ಮಾಡಿದ ಮೇಲೆ ಹಿಗ್ಗಿಬಿಡುವ ಹೆಡ್ ಬೋಲ್ಟ್‌ಗಳನ್ನು ಮತ್ತೆ ಬಳಸಬಾರದು ಅನ್ನುವುದನ್ನು ಹೇಳುವವರೂ ಕಡಿಮೆ. ಪ್ಯಾಡ್ ಹಾಕಿದ ಮೇಲೆ ಕಾರು ಕದಲಿಸುವ ಮುನ್ನ ಬ್ರೇಕ್ ಪೆಡಲನ್ನು ಅದು ಗಟ್ಟಿಯಾಗುವವರೆಗೆ ಒತ್ತುತ್ತಲೇ ಇರಬೇಕು. ಪಿಸ್ಟನ್ ಹಿಂದೆ ಸರಿದಿರುತ್ತದೆ, ಮೊದಲ ಸಲ ಪೆಡಲ್ ನೆಲಕ್ಕೇ ಇಳಿಯುತ್ತದೆ. ಇದನ್ನು ತೋರಿಸಲು ಹತ್ತು ಸೆಕೆಂಡ್ ಸಾಕು. ಆ ಹತ್ತು ಸೆಕೆಂಡನ್ನೂ ಬೋರ್ ಅಂತ ತೆಗೆಯುತ್ತೇವೆ.

ಯಾಕೆ ತೆಗೆಯುತ್ತೇವೆ ಅಂತ ನನಗೆ ಚೆನ್ನಾಗಿ ಗೊತ್ತು. ನೋಡುಗರು ಯಾವ ಸೆಕೆಂಡ್‌ನಲ್ಲಿ ಎದ್ದುಹೋದರು ಅಂತ ತೋರಿಸುವ ಗ್ರಾಫ್ ಪ್ರತಿ ವಿಡಿಯೊಗೂ ನಮ್ಮ ಕಣ್ಣ ಮುಂದೆ ಇರುತ್ತದೆ. ನಾನು ಮಲ್ಟಿಮೀಟರ್ ಕೈಗೆತ್ತಿಕೊಂಡ ಕೂಡಲೇ ಅದು ಕೆಳಗಿಳಿಯುತ್ತದೆ. ಎಂಜಿನ್ ಸ್ಟಾರ್ಟ್ ಆಗುವ ಹೊತ್ತಿಗೆ ಮೇಲೇಳುತ್ತದೆ, ಅದನ್ನೇ ಜನ ಹಿಂದೆ ಎಳೆದು ಮತ್ತೆ ನೋಡಿರುತ್ತಾರೆ. ತಿಂಗಳುಗಟ್ಟಲೆ ಆ ಗ್ರಾಫ್ ನೋಡುತ್ತಿದ್ದರೆ ಕೈ ತಾನಾಗಿ ಅದಕ್ಕೆ ತಕ್ಕಂತೆ ಕತ್ತರಿಸುವುದನ್ನು ಕಲಿಯುತ್ತದೆ. ಕಾರಿನ ಮಾತು ಕೇಳಬೇಕಾದ ಕಿವಿ ಗ್ರಾಫ್‌ನ ಮಾತು ಕೇಳತೊಡಗುತ್ತದೆ. ಇನ್ನೊಂದು ಕಡೆ, ಯಾವ ವಿಡಿಯೊ ನಂಬಬೇಕು ಅಂತ ತಿಳಿಯಲು ನೋಡುಗರಿಗೆ ಇದ್ದ ಒಂದು ದಾರಿಯೂ 2021ರ ನವೆಂಬರ್‌ನಲ್ಲಿ ಮುಚ್ಚಿತು. ಆಗಿನಿಂದ ಡಿಸ್‌ಲೈಕ್ ಎಷ್ಟು ಬಿದ್ದಿದೆ ಅನ್ನುವುದು ಹೊರಗಿನವರಿಗೆ ಕಾಣುವುದಿಲ್ಲ. ಹಾಡಿನ ವಿಡಿಯೊಗೆ ಅದರಿಂದ ನಷ್ಟವಿಲ್ಲ. ಬ್ರೇಕ್ ರಿಪೇರಿಯ ವಿಡಿಯೊಗೆ ನಷ್ಟವಿದೆ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ವಿಚಾರವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧ ಇದೇ. ಕೋಡ್ ಬಂತು, ಯಾವ ಪಾರ್ಟ್ ಬದಲಿಸಲಿ? ಕೋಡ್ ಪಾರ್ಟ್‌ನ ಹೆಸರು ಹೇಳುವುದಿಲ್ಲ ಸ್ವಾಮಿ, ಕಂಪ್ಯೂಟರ್ ಏನು ಕಂಡಿತು ಅನ್ನುವುದನ್ನಷ್ಟೇ ಹೇಳುತ್ತದೆ. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಅಂತ ಅರ್ಥ. ನನ್ನ ಬಳಿ ಬಂದ ಒಂದು ಕಾರಿನಲ್ಲಿ ಆ ಕೋಡ್ ನೋಡಿ ಮೊದಲೇ ಆಕ್ಸಿಜನ್ ಸೆನ್ಸರ್ ಎರಡು ಸಲ ಬದಲಿಸಿದ್ದರು. ಪಾಪ, ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಇಂಧನವನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಳತೆ) ತುಂಬ ಮೇಲಿತ್ತು, 2500 ಆರ್‌ಪಿಎಂಗೆ ಏರಿಸಿದರೆ ಬಹುತೇಕ ಸರಿಹೋಗುತ್ತಿತ್ತು. ಎಲ್ಲೋ ಅಳತೆಗೆ ಸಿಗದೆ ಗಾಳಿ ಒಳಗೆ ನುಸುಳುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಇಂಧನವೇ ಸಾಕಾಗುತ್ತಿಲ್ಲ ಅನ್ನುವುದಾದರೆ ಲೋಡ್ ಬಿದ್ದಾಗ ಟ್ರಿಮ್ ಇನ್ನೂ ಕೆಡಬೇಕಿತ್ತು. ಇನ್‌ಟೇಕ್ ಒಳಗೆ ಹೊಗೆ ಬಿಟ್ಟು ನೋಡಿದೆ. ಮ್ಯಾನಿಫೋಲ್ಡ್‌ನ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ, ಕಿರುಬೆರಳು ದಪ್ಪದ ರಬ್ಬರ್ ಹೋಸ್ ಬಿರುಕು ಬಿಟ್ಟಿತ್ತು. ಅದರಿಂದ ಹೊಗೆ ಎಳೆ ಎಳೆಯಾಗಿ ಮೇಲೆದ್ದುದನ್ನು ನೋಡಿದಾಗ ಆದ ಸಂತೋಷ ನನಗೆ ಯಾವ ಎಂಜಿನ್ ಸ್ಟಾರ್ಟ್ ಮಾಡಿದಾಗಲೂ ಆಗಿಲ್ಲ. ಇಪ್ಪತ್ತಾರು ನಿಮಿಷದ ವಿಡಿಯೊ ಅದು. ಕೆಲವೇ ಜನ ನೋಡಿದರು. ಅದನ್ನು ಮಾತ್ರ ನಾನು ಒಂದು ಸೆಕೆಂಡೂ ಕಡಿಮೆ ಮಾಡುವುದಿಲ್ಲ.

ಈಗ ಪ್ರಾಜೆಕ್ಟ್ ಕಾರುಗಳ, ಅಂದರೆ ಕೆಟ್ಟುನಿಂತ ಹಳೆಯ ಕಾರು ತಂದು ನಿಧಾನವಾಗಿ ಸರಿಮಾಡುವುದರ ಮಾತು. ಗೊತ್ತು, ಎಲ್ಲರೂ ಕೇಳುವುದು ಅದನ್ನೇ.

ನನ್ನ ಶೆಡ್‌ನಲ್ಲಿ ಮೂರು ಕಾರುಗಳು ಅರ್ಧಕ್ಕೆ ನಿಂತಿವೆ. ಮೂರನ್ನೂ ತಂದ ದಿನದ ವಿಡಿಯೊ ಇದೆ. ಟೋ ಟ್ರಕ್‌ನಿಂದ ಇಳಿಸುವುದು, ಬಾನೆಟ್ ಎತ್ತುವುದು, ಸೀಟಿನ ಕೆಳಗೆ ಇಲಿಗೂಡು. ಜನ ಮುಗಿಬಿದ್ದು ನೋಡಿದರು. ಮೊದಲ ಕಾರಿನ ಎಂಜಿನ್ ತಿರುಗದಂತೆ ಹಿಡಿದುಕೊಂಡಿತ್ತು. ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್‌ಗಳಿಗೆ ಅಸಿಟೋನ್ ಮತ್ತು ಗೇರ್‌ಬಾಕ್ಸ್ ಎಣ್ಣೆಯ ಮಿಶ್ರಣ ಸುರಿದು ಹನ್ನೆರಡು ದಿನ ಬಿಟ್ಟೆ. ದಿನಾ ಹೋಗಿ ಉದ್ದನೆಯ ಬಾರ್ ಹಾಕಿ ಕ್ರ್ಯಾಂಕ್ ಬೋಲ್ಟನ್ನು ಮೆಲ್ಲಗೆ ಒಂದಿಷ್ಟು ಆಚೆ, ಒಂದಿಷ್ಟು ಈಚೆ. ಹದಿಮೂರನೆಯ ದಿನ ಅದು ಬಿಟ್ಟುಕೊಟ್ಟಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆ ವಿಡಿಯೊವನ್ನೂ ಜನ ನೋಡಿದರು. ಆಮೇಲೆ ವೈರಿಂಗ್ ಶುರುವಾಯಿತು.

ವೈರಿಂಗ್ ಯಾರಿಗೂ ಬೇಡ. ಹಳೆಯ ಕಾರಿನ ವೈರಿಂಗ್ ಅಂದರೆ ಹಿಂದಿನ ಮಾಲೀಕರೆಲ್ಲ ತಮಗೆ ತೋಚಿದಂತೆ ಕತ್ತರಿಸಿ, ಜೋಡಿಸಿ, ಟೇಪ್ ಸುತ್ತಿದ್ದು. ಒಂದೊಂದು ತಂತಿಯನ್ನೂ ಹಿಡಿದು ಇದು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ಹುಡುಕಬೇಕು. ತಂತಿಗಳು ಕಾರಿನ ಬಾಡಿಗೆ ಸೇರುವ ಅರ್ತ್ ಪಾಯಿಂಟ್‌ಗಳನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಬೇಕು. ಸರ್ಕ್ಯೂಟ್ ಕೆಲಸ ಮಾಡುತ್ತಿರುವಾಗಲೇ ಎರಡು ತುದಿಗೆ ಮೀಟರ್ ಹಿಡಿದು ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ನೋಡಬೇಕು. ವಾರಗಟ್ಟಲೆ ಕೆಲಸ, ನೋಡಿದರೆ ಕಾರು ನಿನ್ನೆ ಇದ್ದ ಹಾಗೇ ಇದೆ. ಮೂರು ವೈರಿಂಗ್ ವಿಡಿಯೊ ಹಾಕಿದೆ. ನೋಡುಗರು ಕಾಲುಭಾಗಕ್ಕೆ ಇಳಿದರು. ನಾನು ಹೆದರಿ ಎರಡನೆಯ ಕಾರು ತಂದೆ. ಅದರಲ್ಲಿ ತುಕ್ಕಿನ ಕೆಲಸ ಬಂದಾಗ ಮೂರನೆಯದನ್ನು ತಂದೆ.

ಇದು ನನ್ನೊಬ್ಬನ ಕಥೆಯಲ್ಲ, ಪ್ರಾಜೆಕ್ಟ್ ಕಾರು ಇಟ್ಟುಕೊಂಡ ಎಷ್ಟೋ ಚಾನೆಲ್‌ಗಳಲ್ಲಿ ಹೀಗೇ ಆಗುತ್ತಿದೆ. ಹೊಸ ಕಾರು ತರುವುದು ಸುದ್ದಿ, ಹಳೆಯದನ್ನು ಮುಗಿಸುವುದು ಸುದ್ದಿಯಲ್ಲ. ಇದರಿಂದ ಆಗುವ ಕೆಟ್ಟ ಪರಿಣಾಮ ಏನೆಂದರೆ, ನೋಡಿ ಹುರುಪುಗೊಂಡು ತಾವೂ ಒಂದು ಹಳೆಯ ಕಾರು ತಂದ ಹುಡುಗರು ವೈರಿಂಗ್ ಹಂತಕ್ಕೆ ಬಂದಾಗ ಒಂಟಿಯಾಗುತ್ತಾರೆ. ಅಲ್ಲಿಯವರೆಗೆ ನೂರು ವಿಡಿಯೊ ಇವೆ, ಅಲ್ಲಿಂದ ಮುಂದೆ ಇಲ್ಲ. ತಮಗೇ ಬರುವುದಿಲ್ಲವೇನೋ ಅಂದುಕೊಂಡು ಕಾರನ್ನು ಗುಜರಿಗೆ ಹಾಕುತ್ತಾರೆ. ಅವರಿಗೆ ಬರುವುದಿಲ್ಲ ಅಂತಲ್ಲ. ಆ ಹಂತದಲ್ಲಿ ಎಲ್ಲರಿಗೂ ಹಾಗೇ ಅನಿಸುತ್ತದೆ ಅಂತ ಯಾರೂ ತೋರಿಸಲಿಲ್ಲ, ಅಷ್ಟೇ.

ಹಾಗಾಗಿ ಮೊದಲನೆಯ ಕಾರು ತನ್ನ ಬ್ಯಾಟರಿಯಲ್ಲೇ ಸ್ಟಾರ್ಟ್ ಆಗಿ, ಲೈಟು, ವೈಪರ್, ಹಾರ್ನ್ ಎಲ್ಲ ಕೆಲಸ ಮಾಡಿ, ಶೆಡ್‌ನಿಂದ ತಾನೇ ಹೊರಗೆ ಹೋಗುವವರೆಗೆ ನಾನು ನಾಲ್ಕನೆಯದನ್ನು ತರುವುದಿಲ್ಲ. ಉಳಿದೆರಡಕ್ಕೆ ಹೊದಿಕೆ ಹಾಕಿದ್ದೇನೆ. ಬಿಚ್ಚಿಟ್ಟ ಬೋಲ್ಟ್‌ಗಳನ್ನೆಲ್ಲ ಡಬ್ಬಿಗೆ ತುಂಬಿ, ಎಲ್ಲಿಯದು ಅಂತ ಚೀಟಿ ಅಂಟಿಸಿದ್ದಾಯಿತು. ಇನ್ನು ಮುಂದೆ ವಿಡಿಯೊದ ಮೂಲೆಯಲ್ಲಿ ಗಡಿಯಾರ ಇರುತ್ತದೆ. ಕೆಲಸವನ್ನು ಕತ್ತರಿಸಿ ತೋರಿಸಿದರೂ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಅನ್ನುವುದು ಕಾಣುತ್ತದೆ. ಬೋಲ್ಟ್ ಮುರಿದರೆ ಮುರಿದದ್ದನ್ನೇ ತೋರಿಸುತ್ತೇನೆ.

ಹಿಂದಿನ ಬ್ರೇಕ್‌ನ ಹೊಸ ವಿಡಿಯೊ ನಾಳೆ ಬರುತ್ತದೆ. ಮಾಮೂಲಿ ಪಿಸ್ಟನ್, ತಿರುಗಿಸುವ ಪಿಸ್ಟನ್, ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಮೂರನ್ನೂ ಬೇರೆ ಬೇರೆ ಕಾರುಗಳಲ್ಲಿ ಮಾಡಿದ್ದೇನೆ. ಅಲ್ಲಿಯವರೆಗೆ ಒಂದು ವಿನಂತಿ. ಹಳೆಯ ವಿಡಿಯೊ ನೋಡಿ ಹಿಂದಿನ ಪ್ಯಾಡ್ ಬದಲಿಸಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದೆ ಹಿಂದೆ ಯಾರೂ ಇಲ್ಲದ ಕಡೆ, ಸಣ್ಣ ಇಳಿಜಾರಿನಲ್ಲಿ ಕಾರು ನಿಲ್ಲಿಸಿ. ಸೀಟಿನಿಂದ ಏಳದೆ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ಹಾಕಿ, ಪಾದವನ್ನು ಬ್ರೇಕ್ ಪೆಡಲ್ ಮೇಲೆಯೇ ಇಟ್ಟುಕೊಂಡು ಪೆಡಲ್ ಮೇಲಿನ ಒತ್ತಡವನ್ನು ಮಾತ್ರ ಮೆಲ್ಲಗೆ ಸಡಿಲಿಸಿ ನೋಡಿ. ಒಂದಿಂಚು ಜಾರಿದರೂ ಮತ್ತೆ ಓಡಿಸಬೇಡಿ, ನನಗೆ ಮೆಸೇಜ್ ಮಾಡಿ. ಎಷ್ಟು ಹೊತ್ತಾದರೂ ಉತ್ತರಿಸುತ್ತೇನೆ.