ಬರೆದವರು ಹೇಳಿದ್ದೇ ಅರ್ಥವಾ? ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಿನ ಪರ-ವಿರೋಧ

ಮರುಭೂಮಿಯ ಹೆದ್ದಾರಿ. ರಾತ್ರಿ ಹೊತ್ತು. ಕಾರು ಓಡಿಸಿ ದಣಿದ ಒಬ್ಬ ದೂರದಲ್ಲಿ ಮಿನುಗುವ ದೀಪ ನೋಡಿ ಒಂದು ಹೋಟೆಲಿಗೆ ಹೋಗುತ್ತಾನೆ. ಒಳಗೆ ಎಲ್ಲವೂ ಚೆಂದ. ಕೊನೆಗೆ ಹೊರಡೋಣ ಅಂದರೆ ಅಲ್ಲಿಂದ ಬಿಡುಗಡೆಯೇ ಇಲ್ಲ. ಅಮೆರಿಕದ ಈಗಲ್ಸ್ ಬ್ಯಾಂಡ್ 1976ರ ಡಿಸೆಂಬರಿನಲ್ಲಿ ಹೊರತಂದ ‘ಹೋಟೆಲ್ ಕ್ಯಾಲಿಫೋರ್ನಿಯಾ’ದ ಕಥೆ ಇಷ್ಟೇ. ಹಾಡು ಆರೂವರೆ ನಿಮಿಷದ್ದು. ಅದಕ್ಕೆ ಜನ ಕೊಟ್ಟ ಅರ್ಥಗಳಿಗೆ ಮಾತ್ರ ಲೆಕ್ಕವಿಲ್ಲ. ಸೈತಾನನ ಪೂಜೆ, ಹುಚ್ಚಾಸ್ಪತ್ರೆ, ನರಭಕ್ಷಕರು, ಮಾದಕ ವ್ಯಸನ, ಹೀಗೆ. ಹಾಡಿದ, ಸಾಹಿತ್ಯದ ಹೆಚ್ಚಿನ ಭಾಗ ಬರೆದ ಡಾನ್ ಹೆನ್ಲಿ ಮಾತ್ರ ಇದು ಮುಗ್ಧತೆ ಕಳೆದುಕೊಳ್ಳುವ ಪಯಣ ಎಂದು ಹಲವು ಸಲ ಹೇಳಿದ್ದಾರೆ. ಅಮೆರಿಕದ ಅತಿಭೋಗ, ಕಲೆಗೂ ವ್ಯಾಪಾರಕ್ಕೂ ನಡುವಿನ ಜಗ್ಗಾಟ, ಹೆಸರು-ಹಣ ಬಂದ ಮೇಲಿನ ಕತ್ತಲು, ಎಲ್ಲ ಅದರಲ್ಲಿದೆ.

ಬರೆದವರೇ ಹೇಳಿದ ಮೇಲೂ ಕೇಳುಗರು ತಮ್ಮ ಅರ್ಥ ಹಚ್ಚಬಹುದಾ? ವರ್ಷಗಟ್ಟಲೆ ಈ ಹಾಡು ನುಡಿಸುತ್ತಾ ನಾನು ಎರಡೂ ಕಡೆ ನಿಂತು ವಾದ ಮಾಡಿದ್ದೇನೆ. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಪರ: ಕೇಳುವವರಿಗೂ ಹಾಡಿನಲ್ಲಿ ಪಾಲಿದೆ

ಮೊದಲು ಒಂದು ವಿಷಯ ನೆನಪಿಡೋಣ. ಈ ಹಾಡು ಹುಟ್ಟಿದ್ದು ಮಾತಿನಿಂದ ಅಲ್ಲ. ಬ್ಯಾಂಡಿನ ಗಿಟಾರ್ ವಾದಕ ಡಾನ್ ಫೆಲ್ಡರ್ ಮಾಲಿಬು ಕಡಲ ದಂಡೆಯ ಬಾಡಿಗೆ ಮನೆಯಲ್ಲಿ ಕೂತು ಹನ್ನೆರಡು ತಂತಿಯ ಗಿಟಾರಿನಲ್ಲಿ ಒಂದು ಧಾಟಿ ನುಡಿಸಿದರು. ಟೇಪಿನಲ್ಲಿ ಹಿಡಿದಿಟ್ಟರು. ಇನ್ನೂ ಕೆಲವು ಧಾಟಿಗಳ ಜೊತೆ ಕ್ಯಾಸೆಟ್ ಮಾಡಿ ಕೊಟ್ಟರು. ಅದನ್ನು ಕೇಳಿದ ಹೆನ್ಲಿ ಮತ್ತು ಬ್ಯಾಂಡಿನ ಇನ್ನೊಬ್ಬ ಗಾಯಕ ಗ್ಲೆನ್ ಫ್ರೈ ಈ ಧಾಟಿ ಹಿಡಿದುಕೊಂಡರು. ಆಗ ಅದಕ್ಕೆ ಹೋಟೆಲೂ ಇಲ್ಲ, ಮರುಭೂಮಿಯೂ ಇಲ್ಲ. ಸುಮ್ನೆ ಗುರುತಿಗೆ ‘ಮೆಕ್ಸಿಕನ್ ರೆಗೆ’ ಅಂತ ಒಂದು ಹೆಸರಿತ್ತು.

ಅಂದರೆ ಹೆನ್ಲಿಯ ಸಾಲುಗಳೇ ಈ ಧಾಟಿಗೆ ಬಂದ ಮೊದಲ ವ್ಯಾಖ್ಯಾನ. ಒಂದು ಸಂಗೀತ ಕೇಳಿದರು, ಅವರ ಕಣ್ಣಿಗೆ ರಾತ್ರಿಯ ಹೆದ್ದಾರಿ ಕಂಡಿತು. ಅದೇ ಸಂಗೀತ ಕೇಳಿ ಇನ್ನೊಬ್ಬರಿಗೆ ಇನ್ನೊಂದು ಕಂಡರೆ ಅದನ್ನು ತಪ್ಪು ಅನ್ನುವುದು ಹೇಗೆ?

ಗಿಟಾರ್ ನುಡಿಸುವವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಡಿನ ಪಲ್ಲವಿಗೆ ಮುಂಚಿನ ಸಾಲುಗಳಿಗೆ ಎಂಟು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಎಂಟು ಗುಂಪು. ಬಿ ಮೈನರ್, ಎಫ್ ಶಾರ್ಪ್, ಎ, ಇ, ಜಿ, ಡಿ, ಇ ಮೈನರ್, ಮತ್ತೆ ಎಫ್ ಶಾರ್ಪ್. ಒಂದೇ ಬೆರಳನ್ನು ತಂತಿಗಳಿಗೆ ಅಡ್ಡ ಒತ್ತುವ ಬಾರ್ ಕಾರ್ಡ್ ಹಿಡಿಯಲು ಬೆರಳು ಬಗ್ಗದ ಹೊಸಬರು ಎರಡನೇ ಫ್ರೆಟ್ಟಿಗೆ (ಗಿಟಾರ್ ಕತ್ತಿನ ಮನೆಗೆ) ಕ್ಯಾಪೊ, ಅಂದರೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್, ಹಾಕಿ ಎ ಮೈನರ್, ಇ, ಜಿ, ಡಿ, ಎಫ್, ಸಿ, ಡಿ ಮೈನರ್, ಇ ಹಿಡಿಯುತ್ತಾರೆ. ಫೆಲ್ಡರ್ ವೇದಿಕೆಯಲ್ಲಿ ನುಡಿಸುವುದು ಏಳನೇ ಫ್ರೆಟ್ಟಿನಲ್ಲಿ ಕ್ಯಾಪೊ ಹಾಕಿ. ಅವರ ಬೆರಳು ಶುರು ಮಾಡುವುದು ಇ ಮೈನರ್ ಆಕಾರದಿಂದ. ಮೊದಲು ಅವರು ಮಾಡಿದ್ದೇ ಇ ಮೈನರಿನಲ್ಲಿ, ಹೆನ್ಲಿಯ ದನಿಗೆ ಹೊಂದದೆ ಬಿ ಮೈನರಿಗೆ ತಂದರು. ಮೂರು ಕಡೆ ಮೂರು ಬಗೆಯಲ್ಲಿ ಬೆರಳು. ಕಿವಿಗೆ ಬೀಳುವುದು ಒಂದೇ ಹಾಡು. ಅರ್ಥವೂ ಹಾಗೇ ಅಲ್ವಾ? ಕೈಗೆಟುಕುವ ಕಡೆಯಿಂದ ಒಬ್ಬೊಬ್ಬರು ಹಿಡಿದುಕೊಳ್ಳುತ್ತಾರೆ.

ಇನ್ನೊಂದು ಮಾತು. ಬರೆದವರಿಗೂ ಬರೆಯುವ ಹೊತ್ತಿಗೆ ಎಲ್ಲ ಗೊತ್ತಿರುವುದಿಲ್ಲ. ಈ ಹಾಡು ಬಂದ ಮರುವರ್ಷ, 1977ರಲ್ಲಿ, ಬೇಸ್ ನುಡಿಸುತ್ತಿದ್ದ ರ‍್ಯಾಂಡಿ ಮೈಸ್ನರ್ ಸುತ್ತಾಟ-ಜಗಳ ಸಾಕಾಗಿ ಬ್ಯಾಂಡ್ ಬಿಟ್ಟರು. 1980ರಲ್ಲಿ ಬ್ಯಾಂಡೇ ಒಡೆಯಿತು. 1994ರಲ್ಲಿ ಮತ್ತೆ ಒಂದಾದರು, ಈ ಹಾಡನ್ನು ಹೊಸ ಗಿಟಾರ್ ಪೀಠಿಕೆ ಹಾಕಿ ಮತ್ತೆ ನುಡಿಸಿದರು. 2001ರಲ್ಲಿ, ಈ ಧಾಟಿ ಕಟ್ಟಿದ ಫೆಲ್ಡರನ್ನೇ ಹೊರಹಾಕಿದರು. 2016ರಲ್ಲಿ ಫ್ರೈ ತೀರಿಕೊಂಡರು. ಆಮೇಲೆ ಅವರ ಮಗ ಬಂದು ಅಪ್ಪನ ಜಾಗದಲ್ಲಿ ನಿಂತು ಹಾಡಿದ. ಹೊರಗೆ ಹಾಕಲ್ಪಟ್ಟ ಫೆಲ್ಡರ್ ಕೂಡ ತಮ್ಮ ಕಾರ್ಯಕ್ರಮಗಳಲ್ಲಿ ಇದನ್ನು ನುಡಿಸುತ್ತಲೇ ಇದ್ದಾರೆ. ಆ ಹೋಟೆಲಿನಿಂದ ಹೊರಗೆ ಬರಲಾಗದವರು ಈಗಲ್ಸ್‌ನವರೇ ಅಂತ ಅಭಿಮಾನಿಗಳು ಹೇಳುತ್ತಾರೆ. ಈ ಅರ್ಥ 1976ರಲ್ಲಿ ಬರೆದವರ ತಲೆಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ.

ನಮ್ಮಲ್ಲಿ ಬೆಡಗಿನ ವಚನ ಇದೆ, ಮುಂಡಿಗೆ ಇದೆ. ಒಂದೊಂದಕ್ಕೂ ತಲೆಮಾರುಗಳಿಂದ ಜನ ಟೀಕೆ ಬರೆಯುತ್ತಾ ಬಂದಿದ್ದಾರೆ. ಒಗಟಿನಂತೆ ಕಟ್ಟಿದ ಹಾಡು ಕೇಳುವವರನ್ನು ಒಳಗೆ ಕರೆಯುತ್ತದೆ. ಕರೆದ ಮೇಲೆ ಬಾಗಿಲು ಹಾಕಬಾರದು.

ಕುಡಿತ ಬಿಟ್ಟು ನಾಲ್ಕು ವರ್ಷವಾದ ಗೆಳೆಯನೊಬ್ಬ ನನಗಿದ್ದಾನೆ. ಕೊನೆಯ ಚರಣ ಬಂದಾಗ ಅವನು ಮಾತು ನಿಲ್ಲಿಸಿ ಕೇಳುತ್ತಾನೆ. ಹೆನ್ಲಿ ಏನು ಹೇಳಿದ್ದಾರೆ ಅಂತ ಅವನಿಗೆ ನಾನು ಯಾವತ್ತೂ ವಿವರಿಸಲು ಹೋಗಿಲ್ಲ. ಹೋಗುವುದೂ ಇಲ್ಲ.

ವಿರೋಧ: ತಪ್ಪು ಕಾರ್ಡ್ ತಪ್ಪೇ

ನಾನು ಈ ಹಾಡು ಕಲಿತದ್ದು ಒಂದು ಜೆರಾಕ್ಸ್ ಹಾಳೆಯಿಂದ. ಬೆಂಗಳೂರಿನಲ್ಲಿ ಗಿಟಾರ್ ಕ್ಲಾಸಿಗೆ ಹೋಗುತ್ತಿದ್ದ ಕಾಲ. ಯಾರೋ ಕೈಯಲ್ಲಿ ಬರೆದದ್ದು, ಒಬ್ಬರಿಂದ ಒಬ್ಬರಿಗೆ ದಾಟಿ ನನ್ನ ಕೈಗೆ ಬಂದಿತ್ತು. ಅದರಲ್ಲಿ ಎರಡನೇ ಕಾರ್ಡ್ ‘ಎಫ್ ಶಾರ್ಪ್ ಮೈನರ್’ ಅಂತ ಇತ್ತು. ಆರು ತಿಂಗಳು ಹಾಗೇ ನುಡಿಸಿದೆ. ಏನೋ ಸಪ್ಪೆ ಅನ್ನಿಸುತ್ತಿತ್ತು, ಯಾಕೆ ಅಂತ ತಿಳಿಯಲಿಲ್ಲ.

ಅಲ್ಲಿ ಬೇಕಿದ್ದದ್ದು ಎಫ್ ಶಾರ್ಪ್ ಮೇಜರ್. ವ್ಯತ್ಯಾಸ ಒಂದೇ ಬೆರಳಿನದು. ಎರಡನೇ ಫ್ರೆಟ್ಟಿನಲ್ಲಿ ತೋರುಬೆರಳು ಅಡ್ಡ ಮಲಗಿಸಿ, ಉಂಗುರ ಬೆರಳು ಮತ್ತು ಕಿರುಬೆರಳನ್ನು ನಾಲ್ಕನೇ ಫ್ರೆಟ್ಟಿಗೆ ಇಡಬೇಕು. ನಡುಬೆರಳನ್ನು ಮೂರನೇ ತಂತಿಯ ಮೂರನೇ ಫ್ರೆಟ್ಟಿಗೆ ಇಟ್ಟರೆ ಮೇಜರ್. ಎತ್ತಿದರೆ ಮೈನರ್. ಆ ನಡುಬೆರಳು ಒತ್ತುವ ಸ್ವರ ಎ ಶಾರ್ಪ್. ಬಿ ಸ್ವರವನ್ನು ಷಡ್ಜ ಅಂದುಕೊಂಡರೆ ಇದು ಕಾಕಲಿ ನಿಷಾದ. ಬೆರಳೆತ್ತಿದರೆ ಕೈಶಿಕಿ ನಿಷಾದ. ಕಾಕಲಿ ನಿಷಾದ ಷಡ್ಜದ ಹೊಸಿಲಲ್ಲೇ ನಿಂತಿರುತ್ತದೆ, ಒಳಗೆ ಕಾಲಿಡಲು ಕಾತರಿಸುತ್ತದೆ. ಕರ್ನಾಟಕ ಸಂಗೀತ ಕೇಳಿದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ಎಂಟನೇ ಕಾರ್ಡ್ ನೋಡಿ. ಅದೂ ಎಫ್ ಶಾರ್ಪ್. ಸುತ್ತು ಮುಗಿಯುವ ಜಾಗದಲ್ಲಿ ಹಾಡು ಮನೆ ಸೇರುವುದಿಲ್ಲ, ಹೊಸಿಲಲ್ಲೇ ನಿಲ್ಲುತ್ತದೆ. ಮನೆ, ಅಂದರೆ ಬಿ ಮೈನರ್, ಸಿಗುವುದು ಮುಂದಿನ ಸುತ್ತಿನ ಮೊದಲ ಹೆಜ್ಜೆಯಲ್ಲಿ. ಅಷ್ಟರಲ್ಲಿ ಸುತ್ತು ಮತ್ತೆ ಶುರುವಾಗಿರುತ್ತದೆ. ಪಲ್ಲವಿ ಜಿ ಕಾರ್ಡಿನಿಂದ ತೆರೆದುಕೊಂಡು ಸ್ವಲ್ಪ ಬೆಳಕು ಕೊಡುತ್ತದೆ, ಅದೂ ಬಂದು ನಿಲ್ಲುವುದು ಎಫ್ ಶಾರ್ಪ್ ಮೇಲೆಯೇ. ಕೊನೆಯಲ್ಲಿ ಫೆಲ್ಡರ್ ಮತ್ತು ಬ್ಯಾಂಡಿನ ಇನ್ನೊಬ್ಬ ಗಿಟಾರ್ ವಾದಕ ಜೋ ವಾಲ್ಶ್ ಎರಡು ನಿಮಿಷ ಗಿಟಾರಿನಲ್ಲಿ ಸವಾಲು-ಜವಾಬು ಮಾಡಿ, ಆಮೇಲೆ ಒಟ್ಟಾಗಿ ಹೆಣೆದುಕೊಂಡು ಅದೇ ಎಂಟು ಕಾರ್ಡುಗಳ ಮೇಲೆ ಸುತ್ತುತ್ತಾರೆ. ರೆಕಾರ್ಡಿನಲ್ಲಿ ಮುಕ್ತಾಯದ ಕಾರ್ಡೇ ಇಲ್ಲ. ಸದ್ದು ಸಣ್ಣಗಾಗುತ್ತಾ ಮರೆಯಾಗುತ್ತದೆ. ಹೊರಡಲಾಗದ ಜಾಗ ಎಂಬುದನ್ನು ಮಾತಿಗಿಂತ ಮೊದಲು ತಂತಿಯೇ ಹೇಳಿದೆ.

ಮೇಲಿನ ಬರಹದ ಕ್ಯಾಪೊ ಮಾತನ್ನು ನಾನೂ ಒಪ್ಪುತ್ತೇನೆ. ಬೆರಳಿನ ಆಕಾರ ಬದಲಾಗಲಿ. ಆದರೆ ಹೊರಡುವ ನಾದ ಹಾಡಿನ ನಾದವೇ ಆಗಿರಬೇಕು. ವ್ಯಸನದ ಅರ್ಥ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಖ್ಯಾತಿಯ ಅರ್ಥ ಇನ್ನೂ ಗಟ್ಟಿ. ಅದೇ ಆಲ್ಬಮ್ಮಿನ ‘ನ್ಯೂ ಕಿಡ್ ಇನ್ ಟೌನ್’ ಇರುವುದೇ ಜನ ಹೊಸಬನನ್ನು ತಲೆ ಮೇಲೆ ಹೊತ್ತು, ಇನ್ನೊಬ್ಬ ಬಂದ ಕೂಡಲೇ ಇಳಿಸುವ ಬಗ್ಗೆ. 1976ರ ಆರಂಭದಲ್ಲಿ ಬಂದ ಈಗಲ್ಸ್ ಆಯ್ದ ಹಾಡುಗಳ ಆಲ್ಬಮ್, ಅಮೆರಿಕದಲ್ಲಿ ಭಾರಿ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮಾನ್ಯತೆ ಪಡೆದ ಮೊದಲ ಆಲ್ಬಮ್. ಹೆಸರು ಎಷ್ಟು ಬಂದಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. ಆ ಹೋಟೆಲಿನ ರುಚಿ ಅವರಿಗೆ ಗೊತ್ತಿತ್ತು.

ಸೈತಾನನ ಕಥೆ ಮಾತ್ರ ಯಾವ ತಂತಿಗೂ ತಾಗುವುದಿಲ್ಲ. ಆಲ್ಬಮ್ಮಿನ ಒಳಚಿತ್ರದ ಬಾಲ್ಕನಿಯಲ್ಲಿ ಮಸುಕಾದ ಒಂದು ಆಕೃತಿ ಇದೆ. ಅದು ಸೈತಾನನ ಪಂಥ ಕಟ್ಟಿದ ಆಂಟನ್ ಲಾವೇ ಅಂತ ಹಬ್ಬಿಸಿದರು. ಒಂದು ಚಿತ್ರದ ಮೂಲೆ ಹಿಡಿದು ಇಡೀ ಹಾಡನ್ನು ಸುಟ್ಟಂತಾಯಿತು. ನರಭಕ್ಷಕರ ಕಥೆಯೂ ಅಷ್ಟೇ. ಉಕ್ಕಿನ (‘ಸ್ಟೀಲಿ’) ಚಾಕುಗಳಿಂದ ಮೃಗವನ್ನು ಇರಿಯುವ ಸಾಲೊಂದಿದೆ, ಅದೇ ಆಧಾರ. ಆ ಉಕ್ಕು ಸ್ಟೀಲಿ ಡ್ಯಾನ್ ಬ್ಯಾಂಡಿಗೆ ಕೊಟ್ಟ ಒಂದು ನಮಸ್ಕಾರ. ಅವರು 1976ರಲ್ಲೇ ತಮ್ಮ ಹಾಡೊಂದರಲ್ಲಿ ಈಗಲ್ಸ್ ಹೆಸರೆತ್ತಿದ್ದರು, ಇವರು ಹೀಗೆ ಉತ್ತರ ಕೊಟ್ಟರು. ನಿಜ ಗೊತ್ತಾದಾಗ ಆ ಸಾಲು ಎಷ್ಟು ಹಿತವಾಗುತ್ತದೆ!

1969ರ ಮಾತನ್ನೂ ಹೇಳಿಬಿಡುತ್ತೇನೆ. ಅತಿಥಿ ವೈನ್ ಕೇಳುತ್ತಾನೆ, ಆ ‘ಸ್ಪಿರಿಟ್’ (ಮದ್ಯ, ಹುರುಪು ಎರಡೂ ಅರ್ಥದ ಪದ) 1969ರಿಂದ ಇಲ್ಲಿಲ್ಲ ಅನ್ನುತ್ತಾರೆ. ವೈನ್ ಭಟ್ಟಿ ಇಳಿಸಿದ ಮದ್ಯವಲ್ಲ, ಸ್ಪಿರಿಟ್ ಅನ್ನುವುದು ತಪ್ಪು ಅಂತ 2009ರಲ್ಲಿ ಪತ್ರಕರ್ತರೊಬ್ಬರು ಹೆನ್ಲಿಗೇ ಹೇಳಿದರು. ಹೆನ್ಲಿ ಅದು ಮದ್ಯದ ಮಾತೇ ಅಲ್ಲ, ಸಮಾಜದ ಮಾತು ಅಂದರು. ವುಡ್‌ಸ್ಟಾಕ್ ಎಂಬ ರಾಕ್ ಸಂಗೀತೋತ್ಸವ ನಡೆದದ್ದು 1969ರ ಆಗಸ್ಟಿನಲ್ಲಿ. ಆಲ್ಟಮಾಂಟ್ ಸಂಗೀತ ಕಛೇರಿಯಲ್ಲಿ ಸಾವು ನಡೆದದ್ದು ಅದೇ ಡಿಸೆಂಬರಿನಲ್ಲಿ. ಒಂದು ಪೀಳಿಗೆಯ ಉಸಿರೇ ಆರಿಹೋದ ವರ್ಷ ಅದು. ಇದನ್ನು ತಿಳಿಯದೆ ಅರ್ಥ ಹಚ್ಚಿದರೆ ಹಾಡಿನ ಅತ್ಯಂತ ದುಃಖದ ಸಾಲು ಬಾರ್‌ನ ಮೆನು ಆಗಿಬಿಡುತ್ತದೆ.

ಕಟ್ಟುಕಥೆಯಿಂದ ಯಾರಿಗೂ ನಷ್ಟವಿಲ್ಲ ಅನ್ನುವವರು ಮೆಕ್ಸಿಕೋದ ತೊದೋಸ್ ಸಾಂತೋಸ್ ಊರಿನ ಕಡೆ ನೋಡಬೇಕು. ಅಲ್ಲಿ ಇದೇ ಹೆಸರಿನ ಹೋಟೆಲ್ ಇದೆ. ಹಾಡು ಹುಟ್ಟಿದ್ದೇ ಇಲ್ಲಿ ಅಂತ ನಂಬಿ ಪ್ರವಾಸಿಗರು ಬರುತ್ತಾರೆ. ಆ ನಂಬಿಕೆಯನ್ನು ಬೆಳೆಸಿ ವ್ಯಾಪಾರ ಮಾಡುತ್ತಿದ್ದಾರೆ ಎಂದು ಬ್ಯಾಂಡ್ 2017ರಲ್ಲಿ ದಾವೆ ಹೂಡಿತು. ಮರುವರ್ಷ ರಾಜಿಯಾಯಿತು. ಕಲೆಗೂ ವ್ಯಾಪಾರಕ್ಕೂ ನಡುವಿನ ಜಗ್ಗಾಟದ ಹಾಡನ್ನು ಹಿಡಿದು ಕೋರ್ಟಿನಲ್ಲಿ ನಿಲ್ಲಬೇಕಾಯಿತು.

ನನ್ನ ಜೆರಾಕ್ಸ್ ಹಾಳೆಗೆ ಮತ್ತೆ ಬರುತ್ತೇನೆ. ಒಂದು ಸಂಜೆ ಕ್ಯಾಸೆಟ್ ಜೊತೆ ನುಡಿಸುವಾಗ ಅಕಸ್ಮಾತ್ತಾಗಿ ನಡುಬೆರಳು ಕೆಳಗೆ ಬಿತ್ತು. ಕೋಣೆಯೇ ಬದಲಾದ ಹಾಗಾಯಿತು. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ನುಡಿಸಿದೆ, ಮತ್ತೊಂದು ಸಲ ನುಡಿಸಿದೆ. ಹಾಳೆ ಇವತ್ತಿಗೂ ಗಿಟಾರ್ ಪೆಟ್ಟಿಗೆಯಲ್ಲಿದೆ. ‘ಮೈನರ್’ ಪದದ ಮೇಲೆ ಪೆನ್ಸಿಲಿನಲ್ಲಿ ಎರಡು ಗೀಟು ಎಳೆದಿದ್ದೇನೆ.